ನಾಲ್ಕಾಣೆ ಬಿಲ್ಲೆಯ ಉಜ್ಜಿನಪ್ಪ

ಬಳ್ಳಾರಿಯಲ್ಲಿ ಛತ್ರಿ ಅಂಗಡಿ ಇಡುವುದಕ್ಕೆ ಗುಂಡಿಗೆ ಬೇಕು. ಕೌಲ್ ಬಜಾರಿನ ಎರ್ರಣ್ಣನಿಗೆ ಅದು ಇತ್ತು. ಛತ್ರಿ ಕೊಂಡವರಿಗೆಲ್ಲ ಅವನು ಒಂದು ಅಲ್ಯುಮಿನಿಯಂ ಬಿಲ್ಲೆ ಪುಕ್ಕಟೆ ಕೊಡುತ್ತಿದ್ದ. ನಡುವೆ ಬಿಗಿಯಾಗಿ ಕೂರಿಸಿದ ಅಸಲಿ ನಾಲ್ಕಾಣೆ, ಸುತ್ತಲಿನ ಬಳೆಯ ಮೇಲೆ ಅಂಗಡಿಯ ಹೆಸರು, ಜೊತೆಗೆ ‘ನನ್ನನ್ನು ಇಟ್ಟುಕೊಂಡವರು ನೆನೆಯುವುದಿಲ್ಲ’ ಎಂಬ ಭರವಸೆ. ನಮ್ಮೂರ ಮಳೆಯ ಪುಣ್ಯದಿಂದ ಆ ಭರವಸೆ ಎಂದೂ ಸುಳ್ಳಾಗಲಿಲ್ಲ. ಅವನನ್ನು ನೋಡಿ ಸೋಡಾ ಅಂಗಡಿಯವರು, ನಶ್ಯದವರು, ಕಡೆಗೆ ಬ್ಯಾಂಡ್ ಸೆಟ್ಟಿನವರೂ ಬಿಲ್ಲೆ ಹಂಚಿದರು. ಜನ ಮಾತ್ರ ಮನೆ ಮುಟ್ಟುವ ಮೊದಲೇ ಬಳೆಯನ್ನು ಕಲ್ಲಿಗೆ ಕುಟ್ಟಿ, ನಾಲ್ಕಾಣೆ ಬಿಡಿಸಿಕೊಂಡು ಮಿರ್ಚಿ ತಿಂದರು.

ಹೀಗಾಗಿ ಇಡಿಯಾದ ಬಿಲ್ಲೆ ಅಪರೂಪವಾಯಿತು. ಅಪರೂಪದ್ದಕ್ಕೆ ಒಬ್ಬ ಹುಚ್ಚ ಬೇಕಲ್ಲ, ಉಜ್ಜಿನಪ್ಪ ಸಿಕ್ಕ. ಸಿಡುಬಿನ ಚುಚ್ಚುಮದ್ದು ಹಾಕುವ ಸರ್ಕಾರಿ ಕೆಲಸ ಅವನದು. ಸಿರುಗುಪ್ಪದ ಸುತ್ತಿನ ಹಳ್ಳಿ ಒಂದೂ ಬಿಡದೆ ತಿರುಗುತ್ತಿದ್ದ. ಕೂಸು ಲಬೋ ಲಬೋ ಎಂದು ಕಿರುಚುತ್ತಿದ್ದರೆ ಅವನ ಕಣ್ಣು ಅದರ ಉಡುದಾರದ ಮೇಲೆ. ದೃಷ್ಟಿಗೆಂದು ಅಲ್ಲಿ ಬಿಲ್ಲೆ ಕಟ್ಟಿದ್ದರೆ, ಜೇಬಿನಿಂದ ಎಂಟಾಣೆ ಕೊಟ್ಟು ಬಿಚ್ಚಿಸಿಕೊಳ್ಳುತ್ತಿದ್ದ. ಐದು ವರ್ಷದಲ್ಲಿ ಎಲ್ಲ ಅಂಗಡಿಯವೂ ಕೂಡಿದವು. ಛತ್ರಿಯದು ಮಾತ್ರ ಸಿಗಲಿಲ್ಲ. ಎರ್ರಣ್ಣನ ಬಳಿಯೇ ಒಂದೂ ಉಳಿದಿರಲಿಲ್ಲ. ಅದೊಂದಿಲ್ಲದೆ ಉಜ್ಜಿನಪ್ಪನಿಗೆ ಉಣ್ಣುವ ಅನ್ನವೂ ರುಚಿಸುತ್ತಿರಲಿಲ್ಲ.

1969ರ ಬೇಸಿಗೆಯಲ್ಲಿ ಸಿರಿಗೇರಿಯ ಕೊಟ್ರಬಸಪ್ಪನ ಮನೆ ಬಾಗಿಲಲ್ಲಿ ನಿಂತು, “ಸರ್ಕಾರದ ಕಡಿಂದ ಬಂದೀನ್ರಿ” ಎಂದ. ಅವತ್ತು ಆ ಮನೆಯವರು ಹಿರಿಮಗಳು ಅಕ್ಕನಾಗಮ್ಮನನ್ನು ನೋಡಲು ಕುರುಗೋಡಿನಿಂದ ಬರಬೇಕಿದ್ದ ಸರ್ಕಾರಿ ನೌಕರನ ದಾರಿ ಕಾಯುತ್ತಿದ್ದರು. ಅವನ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತದ್ದು ಯಾರಿಗೂ ಗೊತ್ತಿಲ್ಲ.

“ಬರ್ರಿ, ಬರ್ರಿ. ಒಬ್ಬರ ಬಂದೀರೇನು?” ಎಂದು ಕೊಟ್ರಬಸಪ್ಪ ಕಂಬಳಿ ಹಾಸಿದ.

ಚುಚ್ಚುಮದ್ದಿನವನಿಗೆ ಇಷ್ಟು ಮರ್ಯಾದೆ ಯಾವ ಊರಲ್ಲೂ ಸಿಕ್ಕಿರಲಿಲ್ಲ. ಕೂತ. ಉಪ್ಪಿಟ್ಟು ಬಂತು, ತಿಂದ. ಆಮೇಲೆ ಹುಡುಗಿ ತಟ್ಟೆ ತಂದು ಮುಂದೆ ಹಿಡಿದಳು. ಎಲೆ, ಅಡಿಕೆ, ಸಕ್ಕರೆ, ನಡುವೆ ಛತ್ರಿ ಅಂಗಡಿಯ ಬಿಲ್ಲೆ! ಆ ಮನೆತನದ ಪದ್ಧತಿ ಏನೆಂದರೆ, ನೋಡಲು ಬಂದವನಿಗೆ ಹುಡುಗಿ ಒಪ್ಪಿಗೆಯಾಗದಿದ್ದರೆ ತಟ್ಟೆ ಮುಟ್ಟಿ ಕೈ ಮುಗಿಯಬೇಕು, ಒಪ್ಪಿದರೆ ನಾಣ್ಯ ಎತ್ತಿಕೊಳ್ಳಬೇಕು. ಉಜ್ಜಿನಪ್ಪ ಗಬಕ್ಕನೆ ಎತ್ತಿಕೊಂಡ.

“ಒಪ್ಪಿದ್ರು!” ಎಂದು ಒಳಗಿನಿಂದ ಹೆಂಗಸರು ಕೂಗಿದರು.

ಅವನಿಗೆ ಆಗ ಸಂಗತಿ ಹೊಳೆಯಿತು. ನಾನು ವರನಲ್ಲ ಎನ್ನಬಹುದಿತ್ತು. ಆದರೆ ಬಿಲ್ಲೆ ತಟ್ಟೆಗೆ ವಾಪಸು ಹೋಗುತ್ತಿತ್ತು. ಬಾಯಿ ತೆರೆದ, ಬಿಲ್ಲೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ, ಬಾಯಿ ಮುಚ್ಚಿದ. ಊರು, ಮಠ, ಕುಲದ ಬೆಡಗು ಕೇಳಿದರು, ಎಲ್ಲವೂ ಹೊಂದಿತು. ಸಂಜೆ ಮುಂದೆ ಕುರುಗೋಡಿನ ಅಸಲಿ ವರ ಧೂಳು ಕುಡಿದು ಬಂದಾಗ ಕೊಟ್ರಬಸಪ್ಪ ತಲೆ ಕೆರೆದುಕೊಂಡು, “ನಾಣ್ಯ ಎತ್ತಿ ಆತು. ಇವರೂ ಸರ್ಕಾರಿನ ಅದಾರ” ಎಂದು ಅವನಿಗೆ ಉಳಿದ ಉಪ್ಪಿಟ್ಟು ಕೊಟ್ಟು ಕಳಿಸಿದ. ಹೋಗುವ ಮೊದಲು ಉಜ್ಜಿನಪ್ಪ ಅವನಿಗೊಂದು ಚುಚ್ಚುಮದ್ದು ಹಾಕಿದ. ಕರ್ತವ್ಯ ಕರ್ತವ್ಯವೇ.

ಮದುವೆಯಾದ ಮೇಲೆ ಹನ್ನೊಂದು ವರ್ಷ ಅಕ್ಕನಾಗಮ್ಮ ಬಳ್ಳಾರಿಯ ಮನೆಯನ್ನು ಚೆನ್ನಾಗಿಯೇ ನಡೆಸಿದಳು. ಬಿಲ್ಲೆಗಳ ಪೆಟ್ಟಿಗೆಯ ಧೂಳನ್ನೂ ಅವಳೇ ಒರೆಸುತ್ತಿದ್ದಳು. ಒಂದು ದಿನ, ಅಂಗಡಿ ಮುಚ್ಚಿ ಮುದುಕನಾಗಿದ್ದ ಎರ್ರಣ್ಣ ತನ್ನ ಬಿಲ್ಲೆ ನೋಡಲು ಮನೆಗೆ ಬಂದ. ಉಜ್ಜಿನಪ್ಪ ಉಬ್ಬಿಹೋದ.

“ಇದರ ಸಲುವಾಗೇ ಮದುವಿ ಆದ್ನಿ, ಎರ್ರಣ್ಣ! ವಾಪಸ್ ಇಡಬೇಕಾಗತೈತಿ ಅಂತ ಸುಮ್ಮನ ಕುಂತ್ನಿ, ತಾಳಿ ಕಟ್ಟಿಸೇ ಬಿಟ್ರು!”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಹಾ ತಂದಿದ್ದ ಅಕ್ಕನಾಗಮ್ಮ ನಗಲಿಲ್ಲ.

ಮರುದಿನ ಮಧ್ಯಾಹ್ನ ಅವನು ಊಟಕ್ಕೆ ಬಂದಾಗ ಒಲೆಯ ಮೇಲೆ ಪುಂಡಿಸೊಪ್ಪಿನ ಪಲ್ಯೆ ಕುದಿಯುತ್ತಿತ್ತು. ಪಕ್ಕದಲ್ಲಿ ಛತ್ರಿ ಅಂಗಡಿಯ ಬಳೆ, ನಡುವೆ ಬರೀ ತೂತು. ಏನು ಎತ್ತ ಎಂದು ಕೇಳದೆ ಉಜ್ಜಿನಪ್ಪ ಚಪ್ಪಲಿಯೂ ಇಲ್ಲದೆ ಸೊಪ್ಪು ಮಾರುವ ಜೋಗಮ್ಮನ ಹತ್ತಿರ ಓಡಿದ.

“ನನ್ನ ಹೆಂಡತಿ ಕೊಟ್ಟ ನಾಲ್ಕಾಣಿ ಯಾವುದವ್ವಾ?”

ಜೋಗಮ್ಮ ಚೀಲ ಸುರುವಿದಳು. “ಇದರಾಗ ಐತಿ ನೋಡಪ್ಪಾ. ಎಲ್ಲಾ ಒಂದ ಥರ ಅದಾವ.”

ಅವನು ಮಂಡಿಯೂರಿ ಒಂದೊಂದನ್ನೂ ತಿರುಗಿಸಿ ನೋಡಿದ, ಮೂಸಿದ, ಒಂದನ್ನು ಕಚ್ಚಿಯೂ ನೋಡಿದ. ಬಳೆ ಬಿಟ್ಟ ನಾಲ್ಕಾಣೆಗೆ ಗುರುತೆಲ್ಲಿಯದು? ಸುತ್ತ ಜನ ಸೇರಿದ ಮೇಲೆ ಎದ್ದು ಬಂದ.

“ಯಾಕ ಹಿಂಗ ಮಾಡಿದಿ?” ಎಂದ.

ಅಕ್ಕನಾಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ನೀವು ವರ ಅಲ್ಲ ಅಂತ ನನಗ ಅವತ್ತ ಗೊತ್ತಿತ್ತು. ಅದರ ಹಿಂದಿನ ವರ್ಷ ಹಚ್ಚೊಳ್ಳಿ ಊರಾಗ, ನಮ್ಮ ಸೋದರತ್ತಿ ಮನ್ಯಾಗ, ನನ್ನ ತೋಳಿಗೆ ಸೂಜಿ ಚುಚ್ಚಿದವರು ನೀವ. ನೋವಾತೇನವ್ವಾ ಅಂತ ಕೇಳಿದ್ರಿ. ಅದಕ್ಕ ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ರ ಕುರುಗೋಡಿನವರ ಮನಿಗೆ ಹೋಗ್ತಿದ್ನಿ.”

ರೊಟ್ಟಿಯನ್ನು ಹಂಚಿಗೆ ಹಾಕಿದಳು.

“ನೀವೂ ಮಾತಾಡದ ಮುಷ್ಟಿ ಬಿಗಿಹಿಡಕೊಂಡು ಕುಂತಿದ್ದು ನೋಡಿ, ಇವರಿಗೂ ನಾನು ಬೇಕಾಗೀನಿ ಅಂದ್ಕೊಂಡ್ನಿ.”

ಉಜ್ಜಿನಪ್ಪನಿಗೆ ಜೀವಮಾನದಲ್ಲಿ ಅಷ್ಟು ನಾಚಿಕೆ ಆಗಿರಲಿಲ್ಲ. ಅವಳು ತಟ್ಟೆಗೆ ಬಿಸಿ ರೊಟ್ಟಿ ಹಾಕಿದಳು, ಪಲ್ಯೆ ಬಡಿಸಿದಳು. ಮುರಿಯಲು ಅವನ ಕೈ ಏಳಲಿಲ್ಲ.