ಸತುರ್ನಿನಾ ನಿಲ್ಲಿಸಿದ ಕೊಸರು

ಕೊಚಬಾಂಬಾ ಮಾರುಕಟ್ಟೆಯ ಹಣ್ಣಿನ ರಸದ ಸಾಲಿನಲ್ಲಿ ಸತುರ್ನಿನಾಳದು ಮೂರನೆಯ ಅಂಗಡಿ. ತಾಯಿ ನಡೆಸಿ ಬಿಟ್ಟುಹೋದದ್ದು. ಪರಂಗಿಗೆ ಹಾಲು ಹಾಕಿ ಮಿಕ್ಸಿಯಲ್ಲಿ ತಿರುವಿ ಲೋಟ ತುಂಬಿಸಬೇಕು. ಗಿರಾಕಿ ಅರ್ಧ ಕುಡಿಯುವಷ್ಟರಲ್ಲಿ ಜಾರಿನಲ್ಲಿ ಉಳಿದದ್ದನ್ನೂ ಸುರಿಯಬೇಕು. ಅದು ಕೊಸರು. ಕೊಡುವವಳೂ ಕಾಸೆರಾ, ಕುಡಿಯುವವಳೂ ಕಾಸೆರಾ, ಎಂದರೆ ವಾಡಿಕೆಯವಳು. ಆ ಸಾಲಿನಲ್ಲಿ ಹೆಸರು ಹಿಡಿದು ಕರೆಯುವವರು ಕಡಿಮೆ.

ಸಣ್ಣ ವ್ಯಾಪಾರಿಗಳಿಗೆಂದು ಒಂದು ಸಂಸ್ಥೆ ಪುಕ್ಕಟೆ ತರಬೇತಿ ಇಟ್ಟಾಗ ಸತುರ್ನಿನಾ ಒಂದು ಪಾಠವನ್ನೂ ತಪ್ಪಿಸಲಿಲ್ಲ. ಪಕ್ಕದಂಗಡಿಯ ಬೆನಿತಾ ಮೊದಲ ದಿನವೇ ತೂಕಡಿಸಿ ಎದ್ದು ಬಂದಿದ್ದಳು. ಮೇಷ್ಟ್ರು ರೊಲಾಂಡೊ ಹೇಳಿದ ಲೆಕ್ಕವೇನೂ ತಪ್ಪಿರಲಿಲ್ಲ. ಹಣ್ಣು, ಹಾಲು, ಬಾಡಿಗೆ, ತನ್ನ ಕೂಲಿ ಸೇರಿಸಿದರೆ ಲಾಭವೆಲ್ಲ ಕೊಸರಿನಲ್ಲೇ ಸೋರಿಹೋಗುತ್ತಿತ್ತು. ಅವಳು ಅಳತೆಗೆರೆ ಇರುವ ಲೋಟ ತಂದಳು. ಪ್ರಮಾಣಪತ್ರವನ್ನು ಕಿತ್ತಳೆ ರಾಶಿಯ ಮೇಲೆ ತೂಗುಹಾಕಿದಳು.

ಮರುದಿನ ಮುದುಕಿ ಇಲಾರಿಯಾ, ತಾಯಿಯ ಕಾಲದ ಗಿರಾಕಿ, ಎಂದಿನಂತೆ ಲೋಟ ಮುಂದೆ ಹಿಡಿದಳು.

“ಕೊಸರು ಹಾಕೇ, ಕಾಸೆರಾ.”

“ಇನ್ಮೇಲೆ ಇಲ್ಲ ಅಜ್ಜಿ. ಬೇಕಿದ್ರೆ ಬೇರೆ ದುಡ್ಡು.”

“ಓಹೋ! ಶಾಲೆಗೋಗಿ ಜಿಪುಣತನ ಕಲ್ತು ಬಂದ್ಯಾ? ನಿಮ್ಮಮ್ಮ ಅದನ್ನ ಕಲೀದೇನೇ ಹೋದ್ಲು, ಪುಣ್ಯವಂತೆ!”

ಸಾಲೆಲ್ಲ ನಕ್ಕಿತು. ಮರುದಿನದಿಂದ ಇಲಾರಿಯಾ ಬೆನಿತಾಳ ಬೆಂಚಿನಲ್ಲಿ ಕೂತಳು. ಉಳಿದವರೂ ಒಬ್ಬೊಬ್ಬರಾಗಿ ಅತ್ತ ಸರಿದರು. ಪರಂಗಿ ಕೊಳೆಯತೊಡಗಿತು, ಬಾಡಿಗೆ ಬಾಕಿ ಬಿತ್ತು.

ಕಡೆಗೆ ಸತುರ್ನಿನಾ ಜಾರು ಎತ್ತಿ ಹಿಡಿದು ಮುದುಕಿಯನ್ನು ಕರೆದಳು. “ಬಾ ಕಾಸೆರಾ, ಕೊಸರು ಎರಡು ಸಲ ಹಾಕ್ತೀನಿ!”

“ಕೇಳ್ದಾಗ ಇಲ್ಲ ಅಂದ್ಯಲ್ಲ. ಈಗ ಕೊಟ್ರೆ ಅದು ಕೊಸರಲ್ಲ ಕಣೇ, ಲಂಚ.” ಇಲಾರಿಯಾ ನಿಲ್ಲಲೂ ಇಲ್ಲ.

ಅದೇ ವಾರ ರೊಲಾಂಡೊ ಸಂಸ್ಥೆಗೆಂದು ಫೋಟೋ ತೆಗೆಯಲು ಬಂದ. “ಪ್ರಮಾಣಪತ್ರದ ಪಕ್ಕ ನಿಂತ್ಕೊಳ್ಳಿ. ಹಾಂ, ನಗಿ.” ಅವಳು ನಕ್ಕಳು.

“ಮೇಷ್ಟ್ರೇ, ಒಂದು ಲೋಟ ಕುಡ್ಕೊಂಡು ಹೋಗಿ.”

ಅವನ ಕಣ್ಣು ಖಾಲಿ ಬೆಂಚಿನ ಮೇಲೆ ಬಿತ್ತು. “ಇನ್ನೊಂದ್ ಸಲ ಆಗ್ಲಿ,” ಎಂದವನು ಜನ ತುಂಬಿದ್ದಲ್ಲಿಗೆ ಹೋಗಿ ಕೂತ. ಪರಂಗಿಯ ಕೊಳೆತ ಭಾಗ ಕೊಯ್ಯುತ್ತಿದ್ದ ಸತುರ್ನಿನಾಳಿಗೆ ಅವನ ದನಿ ಸ್ಪಷ್ಟವಾಗಿ ಕೇಳಿಸಿತು: “ಇನ್ನೊಂಚೂರು ಕೊಸರು, ಕಾಸೆರಾ.” ಬೆನಿತಾ ಸುರಿದಳು.

ತಿಂಗಳು ತುಂಬುವ ಮೊದಲೇ ಸತುರ್ನಿನಾ ಅಂಗಡಿ ಬಿಟ್ಟುಕೊಟ್ಟಳು. ಮಿಕ್ಸಿಯನ್ನು ಬೆನಿತಾ ಕೊಂಡಳು. ಗೆರೆಯ ಲೋಟ ನೋಡಿ, “ಇದು ನಂಗ್ಯಾಕೆ?” ಎಂದಳು.

“ದುಡ್ಡೇನೂ ಬೇಡ,” ಎಂದಳು ಸತುರ್ನಿನಾ. “ಕೊಸರು ಅಂತ ಇಟ್ಕೋ.”