ಮನೆಗೊಂದೇ ತಾಯಿತ

ಮನೆಯಲ್ಲಿ ಒಂದು ಪಿನ್ನಿಗಾಗಿ ಹುಡುಕಿದರೆ ಪಿನ್ನನ್ನು ಬಿಟ್ಟು ಮಿಕ್ಕೆಲ್ಲವೂ ಸಿಗುತ್ತದೆ ಎಂಬುದು ಗೃಹಸ್ಥಾಶ್ರಮದಲ್ಲಿರುವ ನಿಮಗೂ ಗೊತ್ತಿರುವ ಸತ್ಯ. ಕಳೆದ ವರ್ಷ ಕಾಪುವಿನ ನಮ್ಮ ಮನೆಯ ಕಪಾಟಿನಲ್ಲಿ ಹಾಗೆ ಸಿಕ್ಕಿದ್ದು ಕಡಲೆಕಾಯಿಯಷ್ಟಿದ್ದ ಬೆಳ್ಳಿಯ ತಾಯಿತ. ಒಳಗಿದ್ದದ್ದು ನನ್ನದೇ ಹೊಕ್ಕುಳಬಳ್ಳಿಯ ಒಣಗಿದ ತುಂಡು. ಶೈಶವದಲ್ಲಿ ನನ್ನ ಉಡಿದಾರದಲ್ಲಿ ತೂಗುತ್ತಿದ್ದ ಅದನ್ನು ಅಮ್ಮ ಜೋಪಾನವಾಗಿ ಎತ್ತಿಟ್ಟಿದ್ದಳು. ಈಗ ಹೊಟ್ಟೆಯ ವಿಸ್ತಾರದಿಂದಾಗಿ ಉಡಿದಾರವಿರಲಿ, ಹೊಕ್ಕುಳೇ ನನಗೆ ಕಾಣದು.

ಆಗ ಬೆಳ್ಮಣ್ಣಿನ ನನ್ನ ಅಕ್ಕ ನಮ್ಮಲ್ಲಿದ್ದಳು. ಅವಳ ಮೂಳೆಯ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿತ್ತು. ಕಾರ್ಕಳದಲ್ಲಿ ಯಾರ್ಯಾರದೋ ರಕ್ತ ಏರಿಸಿಕೊಂಡು ದಿನ ದೂಡಿದವಳನ್ನು ಅಲ್ಲಿಯವರು ಮಣಿಪಾಲಕ್ಕೆ ಕಳುಹಿಸಿದ್ದರು. ಕನ್ನಡ ಪಾಠ ಹೇಳಿ ನಿವೃತ್ತನಾದ ಬಾಯಿಗೆ ವಿಜ್ಞಾನವೂ ದಕ್ಕುತ್ತದೆಂಬ ಧೈರ್ಯದಿಂದ ನಾನು, ಮೊಬೈಲಿನಲ್ಲಿ ಓದಿದ ಆಕರಕೋಶಗಳ ಮಹಿಮೆಯನ್ನು ಊಟಕ್ಕೊಂದು ಅಧ್ಯಾಯದಂತೆ ಅವಳಿಗೆ ಬಡಿಸುತ್ತಿದ್ದೆ: ಅವು ಹೊಸ ಕೋಶಗಳನ್ನು ಹುಟ್ಟಿಸಬಲ್ಲ ಮೂಲಕೋಶಗಳು, ಹೊಕ್ಕುಳಬಳ್ಳಿಯಲ್ಲೂ ಇರುತ್ತವೆ, ನಾಳೆ ಅವುಗಳಿಂದ ವಾಸಿಯಾಗದ ರೋಗವೇ ಉಳಿಯಲಿಕ್ಕಿಲ್ಲ. ಅಕ್ಕ ಸುಮ್ಮನೆ ಉಣ್ಣುತ್ತಿದ್ದಳು. ಅವಳು ನನ್ನನ್ನು ನಂಬುತ್ತಲೂ ಇದ್ದಾಳೆಂದು ನನಗೆ ಹೊಳೆಯಲಿಲ್ಲ.

ಮಣಿಪಾಲದಲ್ಲಿ ಡಾಕ್ಟರಮ್ಮನ ಎದುರು ಕುಳಿತದ್ದೇ ತಡ, ಅಕ್ಕ ಸೆರಗಿನ ಗಂಟು ಬಿಚ್ಚಿ ಆ ತಾಯಿತವನ್ನು ಮೇಜಿನ ಮೇಲಿಟ್ಟಳು.

"ಇದರಲ್ಲಿ ಹೊಕ್ಕುಳಬಳ್ಳಿ ಉಂಟು ಡಾಕ್ಟ್ರೇ. ತಮ್ಮನದ್ದು. ನನಗೆ ಆದೀತಾ?"

ನನ್ನ ಪ್ರವಚನದ ಫಲ ಕಂಡು ನಾನು ಬೆವರಿದೆ. ನಾಚಿಕೆ ಮುಚ್ಚಿಕೊಳ್ಳಲು, "ತರುವುದಾದರೆ ನಿನ್ನದನ್ನೇ ತರಬಹುದಿತ್ತಲ್ಲ" ಎಂದು ನಕ್ಕೆ.

"ನನ್ನದು ಎಲ್ಲಿ ಉಂಟು ಮಾರಾಯ? ಅದನ್ನು ಆಗಲೇ ತೆಂಗಿನ ಬುಡಕ್ಕೆ ಹಾಕಿದ್ದಂತೆ. ಇಟ್ಟದ್ದು ಗಂಡುಮಗುವಿನದ್ದು ಮಾತ್ರ ಅಲ್ವಾ?"

ಅವಳ ದನಿಯಲ್ಲಿ ದೂರಿನ ಎಳೆಯೂ ಇರಲಿಲ್ಲ, ಬಸ್ಸಿನ ಸಮಯ ಹೇಳಿದಷ್ಟು ಸಹಜವಾಗಿ ಹೇಳಿದ್ದಳು. ಒಂದೇ ಮನೆಯಲ್ಲಿ ಬೆಳೆದು, ಅರವತ್ತು ದಾಟಿದರೂ, ಅಕ್ಕನ ತಾಯಿತ ಎಲ್ಲಿ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಹುಬ್ಬಳ್ಳಿ ಕಡೆಯ ಆ ಡಾಕ್ಟರಮ್ಮ ನಗಲಿಲ್ಲ. "ಒಣಗಿದ್ದರಾಗ ಏನೂ ಉಳಿದಿರೂದಿಲ್ರೀ ಅಮ್ಮಾ. ಆದ್ರ ನಿಮ್ಮ ತಮ್ಮ ಇಲ್ಲೇ ಕುಂತಾರಲ್ರೀ" ಎಂದು ನನ್ನತ್ತ ತಿರುಗಿದರು. ನನ್ನ ಆಕರಕೋಶಗಳು ಹೊಂದಿದರೆ ಅವನ್ನು ಅಕ್ಕನಿಗೆ ಕೊಡಬಹುದಂತೆ, ಅವು ಅವಳ ಮೂಳೆಯೊಳಗೆ ನೆಲೆಯೂರಿ ರಕ್ತ ಹುಟ್ಟಿಸಿದರೂ ಹುಟ್ಟಿಸಬಹುದಂತೆ. ಜಗತ್ತಿನ ಪ್ರಯೋಗಾಲಯಗಳನ್ನೆಲ್ಲ ಸುತ್ತಿ ಬಂದ ನನ್ನ ಪಾಂಡಿತ್ಯ ನನ್ನ ಮೂಳೆಯ ಹತ್ತಿರ ಮಾತ್ರ ಸುಳಿದಿರಲಿಲ್ಲ. ಸತ್ಯ ಹೇಳುತ್ತೇನೆ, ಆ ಕ್ಷಣ ನನಗೆ ಮೊದಲು ನೆನಪಾದದ್ದು ಅಕ್ಕನಲ್ಲ, ಸೂಜಿ.

ಪರೀಕ್ಷೆಯಲ್ಲಿ ಹೊಂದಿಕೆಯಾಯಿತು. ಸೂಜಿಯೂ ಚುಚ್ಚಿತು, ನಾನೂ ಉಳಿದೆ. ಅಕ್ಕ ಸೋಂಕು ತಗಲದಂತೆ ವಾರಗಟ್ಟಲೆ ಗಾಜಿನ ಆಚೆ ಮಲಗಿದ್ದಳು, ಬದುಕುವಳೋ ಇಲ್ಲವೋ ತಿಳಿಯದೆ ನಾನು ಈಚೆ ಬಾಯಿ ಮುಚ್ಚಿ ಕುಳಿತಿದ್ದೆ. ಬದುಕಿದಳು. ತಿಂಗಳುಗಳ ಮೇಲೆ, ಅವಳ ರಕ್ತದ ಗುಂಪೇ ಬದಲಾಗಿ ನನ್ನದಾಗಿದೆ ಎಂದು ಡಾಕ್ಟರಮ್ಮ ಕಾಗದ ತೋರಿಸಿದಾಗ ನಾನು ಅದನ್ನು ಎರಡೆರಡು ಸಲ ಓದಿದೆ. ಮಂಡಿ ಹಿಡಿದು ಮೆಟ್ಟಿಲು ಹತ್ತುವ ಈ ದೇಹದಲ್ಲಿ ಇನ್ನೂ ಇಷ್ಟು ಹೊಸತು ಹುಟ್ಟುತ್ತಿತ್ತೇ?

ಮೊನ್ನೆ ಮತ್ತೆ ಪಿನ್ನು ಹುಡುಕಿದೆ. ಪಿನ್ನು ಸಿಕ್ಕಿತು, ತಾಯಿತ ಇರಲಿಲ್ಲ. ಬೆಳ್ಮಣ್ಣಿಗೆ ಫೋನು ಮಾಡಿದೆ.

"ನನ್ನ ಕುತ್ತಿಗೆಯಲ್ಲಿ ಉಂಟು, ಕಪ್ಪು ದಾರದಲ್ಲಿ" ಎಂದಳು ಅಕ್ಕ. "ಎಂತ, ವಾಪಸ್ ಬೇಕಾ ನಿನಗೆ?"

"ಬೇಡ ಅಕ್ಕ. ನಿನ್ನದೇ ಅದು."