ಪಂಡಿತರ ಅನುಪಾನ

ನಾಡಿ ಹಿಡಿಯುವ ಮೊದಲು ನಮ್ಮ ಪಂಡಿತರು ಬಲಗೈಯ ಮೂರು ಬೆರಳುಗಳನ್ನು ಹಿತ್ತಾಳೆ ಚೊಂಬಿನ ನೀರಿನಲ್ಲಿ ಅದ್ದಿ ಪಂಚೆಯ ಚುಂಗಿಗೆ ಒರೆಸಿಕೊಳ್ಳುತ್ತಿದ್ದರು. ಹಾಗಾಗಿ ಸುಡುಬೇಸಿಗೆಯಲ್ಲೂ ಆ ಬೆರಳುಗಳು ತಣ್ಣಗಿರುತ್ತಿದ್ದವು. ಅಳಲೆಕಾಯಿ ಅರೆದು ಅರೆದು ತುದಿಗಳು ಕಂದುಗಟ್ಟಿದ್ದವು, ಉಗುರಿನ ಸಂದಿಯಲ್ಲಿ ಸದಾ ಹಿಪ್ಪಲಿ ಪುಡಿ. ಗಂಡಸರಿಗಾದರೆ ಬಲಗೈ, ಹೆಂಗಸರಿಗಾದರೆ ಎಡಗೈ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದರೆಂದರೆ ಜಗಲಿಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಕೆಮ್ಮಿಗೇ ಮದ್ದು ಕೇಳಲು ಬಂದವರು ಪಾಪ ಬೀದಿಗೆ ಹೋಗಿ ಕೆಮ್ಮಿ ಬರುತ್ತಿದ್ದರು.

ಮದ್ದನ್ನು ಯಾವುದರ ಜೊತೆ ಸೇವಿಸಬೇಕೋ ಅದಕ್ಕೆ ಅನುಪಾನ ಎನ್ನುತ್ತಾರೆ. ಜೇನು, ತುಪ್ಪ, ಹಾಲು, ಬಿಸಿನೀರು, ಹೀಗೆ. ಬೇರೆ ಪಂಡಿತರು ಅಷ್ಟು ಹೇಳಿ ಸುಮ್ಮನಾಗುತ್ತಿದ್ದರು. ನಮ್ಮ ಪಂಡಿತರು ಜೇನು ಎಂದರೆ ಯಾರ ಮನೆಯ ಜೇನು, ತುಪ್ಪ ಎಂದರೆ ಯಾರು ಕಾಯಿಸಿದ ತುಪ್ಪ ಎಂಬುದನ್ನೂ ಹೇಳುತ್ತಿದ್ದರು. ಅವರ ಜಗಲಿಯಲ್ಲಿ ಒಂದು ದೊಡ್ಡ ಕಲ್ಲಿನ ಒರಳಿತ್ತು. ಅದರಲ್ಲಿ ಯಾರೂ ತಮ್ಮ ಮದ್ದನ್ನು ತಾವೇ ಕುಟ್ಟಿಕೊಳ್ಳುವಂತಿರಲಿಲ್ಲ. ನಿಮ್ಮದನ್ನು ಪಕ್ಕದವರು ಕುಟ್ಟಬೇಕು, ಪಕ್ಕದವರದನ್ನು ನೀವು. ಅಂಗಡಿಯನ್ನು ಮಕ್ಕಳ ಕೈಗೆ ಕೊಟ್ಟು ಹಸಿವೆ ನಿದ್ದೆ ಎರಡನ್ನೂ ಕಳೆದುಕೊಂಡಿದ್ದ ಒಬ್ಬ ಯಜಮಾನರನ್ನು ಆ ಒರಳಿನ ಮುಂದೆ ಕೂರಿಸಿದ್ದರು. ಯಾರಿಗೆ ಏನು ಕಾಯಿಲೆ, ಯಾರ ಮಗಳಿಗೆ ಯಾವ ಊರಿನಿಂದ ಗಂಡು ಬಂದಿದೆ ಎಲ್ಲ ಕೇಳಿಕೊಂಡು ಒನಕೆ ಆಡಿಸುತ್ತಾ ಆಡಿಸುತ್ತಾ ಅವರಿಗೆ ಮತ್ತೆ ಅನ್ನ ಸೇರತೊಡಗಿತು.

ಆಗ ನಮ್ಮ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು. ಕೊಯಮತ್ತೂರು ಕಡೆಯಿಂದ ಹನೂರಿಗೆ ವರ್ಗವಾಗಿ ಬಂದ ಒಬ್ಬ ಮೇಷ್ಟರಿಗೆ ಕನ್ನಡ ಬಾರದು, ಮನೆಯಲ್ಲಿ ಮಾತಾಡಲು ಜನವಿಲ್ಲ, ಹೊಟ್ಟೆನೋವು ಮಾತ್ರ ಬಿಡದು. ಪಂಡಿತರು ಅವರಿಗೆ ನೆಲ್ಲಿಕಾಯಿ ಲೇಹ್ಯ ಕೊಟ್ಟು, ಇದನ್ನು ಸೋಮವಾರ ಸಂಜೆ ಭಜನೆ ಮನೆಯಲ್ಲಿ ಗಂಟಲು ಬಿಟ್ಟು ಹಾಡಿದ ಮೇಲೆಯೇ ತಿನ್ನಬೇಕು, ಹಾಡದೆ ತಿಂದರೆ ನಂಜು ಎಂದು ಹೆದರಿಸಿದರು. ಮೇಷ್ಟರು ತಮಿಳಿನಲ್ಲೇ ಹಾಡಿದರು. ಹನೂರಿನವರು ತಾಳ ಹಾಕಿದರು. ಲೇಹ್ಯ ಮುಗಿದ ಮೇಲೂ ಅವರು ಸೋಮವಾರ ತಪ್ಪಿಸಿಕೊಳ್ಳಲಿಲ್ಲ.

ಇದನ್ನೆಲ್ಲ ಕೇಳಿ ಪಂಡಿತರು ದೇವರಂಥವರು ಎಂದುಕೊಳ್ಳಬೇಡಿ. ಮಹಾ ಮುಂಗೋಪಿ. ನಶ್ಯದ ಡಬ್ಬಿ ಕಾಣದಿದ್ದರೆ ರೋಗಿಯನ್ನೇ ಕಳ್ಳನ ಹಾಗೆ ನೋಡುತ್ತಿದ್ದರು. ಅವರ ಲೆಕ್ಕಾಚಾರ ಎಡವಟ್ಟಾದದ್ದೂ ಉಂಟು. ಹೆಂಡತಿ ಸತ್ತು ಮಂಕಾಗಿದ್ದ ಒಬ್ಬನಿಗೆ ನಾದಿನಿಯ ಮನೆಯ ತುಪ್ಪವನ್ನು ಅನುಪಾನವಾಗಿ ಹೇಳಿ, ಅವರಿಬ್ಬರ ಹಳೆಯ ಜಗಳ ಕೆದಕಿ, ಕೊನೆಗೆ ಎರಡು ಮನೆಯವರೂ ಸೇರಿ ಪಂಡಿತರನ್ನೇ ಬೈದು ಹೋಗಿದ್ದರು. ಅವರ ಗುಳಿಗೆಗಳ ಬಗ್ಗೆ ನನಗೆ ಆಗಲೂ ಪೂರ್ತಿ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಅದಕ್ಕೆ ಕಾರಣವಿದೆ.

ನನ್ನ ತವರು ಯಳಂದೂರು, ಅದು ಮೈಸೂರು ಮಹಾರಾಜರ ಸೀಮೆ. ಕೊಳ್ಳೇಗಾಲದ ರೇಷ್ಮೆ ವ್ಯಾಪಾರದ ಮನೆಗೆ ನನ್ನನ್ನು ಕೊಟ್ಟರು. ಅಮ್ಮನ ಕೈಯ ಸಾರು ಉಣ್ಣಬೇಕೆಂದರೆ ನಾನು ಸರ್ಕಾರವನ್ನೇ ದಾಟಿ ಹೋಗಬೇಕಾಗಿತ್ತು. ಮದುವೆಯಾಗಿ ಎರಡು ವರ್ಷಕ್ಕೆ ಹೆಣ್ಣು ಮಗು ಹುಟ್ಟಿತು. ಹಲ್ಲು ಬರುವ ಹೊತ್ತಿಗೆ ಜ್ವರ ಬಂದು ಹೋಗಿಬಿಟ್ಟಿತು. ಆ ಜ್ವರಕ್ಕೆ ಕಷಾಯ ಕೊಟ್ಟವರು ಇದೇ ಪಂಡಿತರು.

ಮಗುವನ್ನು ಮಣ್ಣು ಮಾಡಿ ಬಂದ ದಿನವೇ ಅತ್ತೆ ತೊಟ್ಟಿಲನ್ನು ಅಟ್ಟಕ್ಕೆ ಹಾಕಿಸಿದರು. ಸಣ್ಣ ಬಟ್ಟೆಗಳನ್ನು ಯಾರಿಗೋ ಕೊಟ್ಟರು. ಮಗುವಿನ ಹೆಸರನ್ನು ನನ್ನ ಮುಂದೆ ಎತ್ತಬಾರದೆಂದು ಮನೆಮಂದಿಗೆಲ್ಲ ಹೇಳಿಟ್ಟರು. ಅವರು ಕೆಟ್ಟವರಲ್ಲ, ಹಾಗೆ ಮಾಡಿದರೆ ನಾನು ಬೇಗ ಮರೆಯುತ್ತೇನೆಂದು ಅವರ ಎಣಿಕೆ. ನಾನು ಮರೆಯಲಿಲ್ಲ, ಊಟ ಬಿಟ್ಟೆ. ಆಮೇಲೆ ಮಾತು ಬಿಟ್ಟೆ. ನಡುಮನೆಯ ಕಂಬಕ್ಕೆ ಒರಗಿ ಕೂತರೆ ಬೆಳಗ್ಗೆಯೋ ಸಂಜೆಯೋ ಗೊತ್ತಾಗುತ್ತಿರಲಿಲ್ಲ. ಬಳೆಗಳು ಮೊಣಕೈಯವರೆಗೆ ಜಾರುವಷ್ಟು ಸೊರಗಿದೆ. ಈ ಹುಡುಗಿ ಉಳಿಯುವುದಿಲ್ಲ ಎಂದು ಅಕ್ಕಪಕ್ಕದವರು ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ನಿಜ ಹೇಳಬೇಕೆಂದರೆ ಅದನ್ನು ಕೇಳಿ ನನಗೆ ಸಮಾಧಾನವೇ ಆಯಿತು.

ಅತ್ತೆ ಪಂಡಿತರನ್ನು ಮನೆಗೆ ಕರೆಸಿದರು. ಅವರನ್ನು ಕಂಡದ್ದೇ ನಾನು ಎಡಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೆ.

"ನನ್ನ ಮೇಲೆ ಕೋಪ ಇರ್ಲಿ ಕಣಮ್ಮ," ಎಂದರು ಪಂಡಿತರು, ಚೊಂಬಿನಲ್ಲಿ ಬೆರಳು ಅದ್ದುತ್ತಾ. "ಇರಬೇಕಾದ್ದೇ. ನಿನ್ನ ಮಗೀನ ಉಳಿಸ್ಕೊಡಕ್ಕೆ ನನ್ನ ಕೈಲಿ ಆಗ್ಲಿಲ್ಲ. ಈಗ ಕೈ ಕೊಡು."

ಯಾರೂ ಎತ್ತದ ಮಾತನ್ನು ಅವರು ಎತ್ತಿದ್ದರಿಂದಲೋ ಏನೋ, ಕೈ ಕೊಟ್ಟೆ. ಬಹಳ ಹೊತ್ತು ಹಿಡಿದು ಕೂತಿದ್ದು, ಕರಿ ಗುಳಿಗೆಯ ಪೊಟ್ಟಣ ತೆಗೆದು ಅತ್ತೆಯ ಮುಂದಿಟ್ಟರು. ದಿನಕ್ಕೊಂದು, ಬೆಳಗ್ಗೆ. ಆಡಿನ ಹಾಲಲ್ಲಿ. ಹನೂರು ರಸ್ತೆಯಲ್ಲಿ ಊರು ಮುಗಿಯುವ ಕಡೆ, ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದಾಳೆ, ಅವಳ ಆಡಿನ ಹಾಲೇ ಆಗಬೇಕು.

"ನಮ್ಮ ಕೊಟ್ಟಿಗೇಲಿ ಹಸು ಕರೀತಾ ಅದಲ್ಲಾ ಪಂಡಿತ್ರೇ?" ಎಂದರು ಅತ್ತೆ.

"ಹಸೂಗೆ ಈ ಗುಣ ಇಲ್ಲ," ಎಂದು ಪಂಡಿತರು ನಶ್ಯ ಏರಿಸಿದರು.

ಇಲ್ಲಿ ನನ್ನ ಗಂಡ ಒಂದು ತಪ್ಪು ಮಾಡಿದರು. ಬಡಕಲಾಗಿರುವ ಹೆಂಡತಿಯನ್ನು ಅಷ್ಟು ದೂರ ನಡೆಸುವುದು ಬೇಡವೆಂದು, ದಿನಾ ಬೆಳಗ್ಗೆ ತಾವೇ ತಂಬಿಗೆ ಹಿಡಿದು ಹೋಗಿ ಹಾಲು ತಂದುಕೊಟ್ಟರು. ನಾನು ಕಂಬ ಬಿಟ್ಟು ಏಳದೆ ಕುಡಿದೆ. ನನಗೆ ಏನೂ ಆಗಲಿಲ್ಲ. ಗುಣವಾಗತೊಡಗಿದ್ದು ನನ್ನ ಗಂಡನಿಗೆ. ಮಗು ಹೋದ ಮೇಲೆ ಅಂಗಡಿಯಲ್ಲಿ ಬಾಯಿ ಬಿಡದೆ ಕೂರುತ್ತಿದ್ದ ಮನುಷ್ಯ ಈಗ ಹಾಲು ತಂದಿಟ್ಟು, ಅಜ್ಜಿ ಹೀಗೆಂದಳು, ಹೋತ ಹೀಗೆ ಹಾರಿತು ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ತಾಯಿಗೆ ಹೇಳುತ್ತಿದ್ದರು. ಒಂದು ದಿನ ನಕ್ಕೂಬಿಟ್ಟರು. ನನಗೆ ಮೈಯೆಲ್ಲ ಉರಿಯಿತು.

ಮತ್ತೆ ನಾಡಿ ನೋಡಲು ಬಂದ ಪಂಡಿತರು ನನ್ನ ಕೈ ಬಿಟ್ಟು ನನ್ನ ಗಂಡನ ಮುಖ ನೋಡಿದರು.

"ಹಾಲು ತರೋರು ಯಾರು?"

"ನಾನೇ ಪಂಡಿತ್ರೇ, ಒಂದಿನಾನೂ ತಪ್ಪಿಸಿಲ್ಲ," ಎಂದರು ಇವರು, ಶಭಾಸ್‌ಗಿರಿ ಸಿಗುತ್ತದೆಂದುಕೊಂಡು.

"ಅಯ್ಯೋ ಪುಣ್ಯಾತ್ಮ! ಗುಳಿಗೆ ಅವಳಿಗೆ, ಗುಣ ನಿಂಗೆ!" ಪಂಡಿತರು ಹಣೆ ಚಚ್ಚಿಕೊಂಡರು. "ಧಾರೋಷ್ಣ ಆಗ್ಬೇಕು, ಧಾರೋಷ್ಣ. ಕೆಚ್ಚಲಿನ ಬಿಸಿ ಆರೋಕೆ ಮುಂಚೆ ಅಲ್ಲೇ ಕೂತು ಕುಡೀಬೇಕು. ನಾಳೆಯಿಂದ ಅವಳೇ ನಡೀಲಿ."

ಅಜ್ಜಿ ಒಕ್ಕಲು ಮನೆತನದವಳು. ಲಿಂಗಾಯತರ ಸೊಸೆ ಅಲ್ಲಿಗೆ ಹೋಗಿ ಕುಡಿಯುವುದೇ ಎಂದು ಅತ್ತೆ ಮುಖ ಹುಳಿ ಮಾಡಿಕೊಂಡರು. "ಆಡಿಗೆ ಯಾವ ಜಾತಿ ತಾಯಿ? ಬೇಕಾದ್ರೆ ಲೋಟ ನಿಮ್ಮನೇದೇ ತಕೊಂಡು ಹೋಗ್ಲಿ," ಎಂದು ಪಂಡಿತರು ಎದ್ದೇಬಿಟ್ಟರು. ಧಾರೋಷ್ಣದ ಮಾತು ಮೊದಲೇ ಯಾಕೆ ಹೇಳಲಿಲ್ಲವೆಂದು ಯಾರೂ ಕೇಳಲಿಲ್ಲ. ಅದನ್ನು ಅವರು ಆ ಕ್ಷಣಕ್ಕೆ ಹುಟ್ಟಿಸಿದರೆಂದೇ ನನ್ನ ಗುಮಾನಿ.

ಹೀಗೆ ನಾನು ಬೆಳ್ಳಿ ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹನೂರು ರಸ್ತೆ ಹಿಡಿದೆ. ಮೊದಲ ದಿನಗಳಲ್ಲಿ ದಾರಿಯಲ್ಲಿ ಅಲ್ಲಲ್ಲಿ ಕೂತು ಕೂತು ಹೋದೆ. ರೇಷ್ಮೆಗೂಡು ಬೇಯಿಸುವ ಮನೆಗಳ ನಾತಕ್ಕೆ ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದೆ. ಅಜ್ಜಿಯದು ಒಂದೇ ಅಂಕಣದ ಮನೆ. ಒಳಗೆ ಅವಳು, ಹೊರಗೆ ಆಡುಗಳು. ನನ್ನನ್ನು ಕಂಡು, "ಬಾ ಕೂಸೇ, ಕುಂತ್ಕೊ. ಇವ್ಳು ಒಸಬ್ರ ಕಂಡ್ರೆ ಆಲು ಸೊರ ಬುಡಕಿಲ್ಲ, ವಸಿ ತಡಿ," ಎಂದು ಆಡಿನ ಬೆನ್ನು ಸವರುತ್ತಾ ಕೂತಳು. ಅವಳು ನನ್ನನ್ನು ಏನೂ ಕೇಳಲಿಲ್ಲ. ಆಡಿನ ಜೊತೆಗೇ ಮಾತಾಡುತ್ತಾ ಹಾಲು ಕರೆದು ಲೋಟಕ್ಕೆ ಬಗ್ಗಿಸಿದಳು.

ಎಷ್ಟೋ ದಿನದ ಮೇಲೆ, ಒಂದು ಬೆಳಗ್ಗೆ, ಈದ ಆಡಿನ ಮರಿಯೊಂದು ಬಂದು ನನ್ನ ಸೀರೆಯ ಅಂಚು ಚೀಪತೊಡಗಿತು. ಬಿಡಿಸಲು ಹೋದವಳ ಕೈ ಅಲ್ಲೇ ನಿಂತುಹೋಯಿತು. ಅಜ್ಜಿ ನೋಡಿದಳು.

"ಮಗಿನ್ ಎಸ್ರು ಏನಂತ ಮಡ್ಗಿದ್ದೆ ಕೂಸೇ?"

ಅದುವರೆಗೆ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ.

"ಗೌರಿ," ಎಂದೆ.

"ಗೌರಿ," ಎಂದಳು ಅಜ್ಜಿ. "ಒಳ್ಳೆ ಎಸ್ರು. ನಂಗೂವೆ ಮೂರು ಕೂಸು ಓಗ್ಬುಟ್ಟೊ ಕನವ್ವ. ಕಡೇದು ಮಿಲ್ಟ್ರಿಗೆ ಓಯ್ತು, ಬರ್ನೇ ಇಲ್ಲ." ಮೂವರ ಹೆಸರನ್ನೂ ಹೇಳಿದಳು. ಯಾರು ಹೇಗೆ ನಡೆಯುತ್ತಿದ್ದರು, ಯಾರಿಗೆ ಏನು ತಿನ್ನಲು ಆಸೆ, ಎಲ್ಲವನ್ನೂ ಹೇಳಿದಳು. ನಾನೂ ಹೇಳಿದೆ. ಗೌರಿ ನನ್ನ ಬಳೆ ಕಚ್ಚುತ್ತಿದ್ದದ್ದು, ನಿದ್ದೆಯಲ್ಲಿ ತುಟಿ ಉಬ್ಬಿಸುತ್ತಿದ್ದದ್ದು. ಮಗು ಹೋದ ಮೇಲೆ ಮೊದಲ ಬಾರಿಗೆ ಜೋರಾಗಿ ಅತ್ತುಬಿಟ್ಟೆ. ಬಿಸಿಲೇರಿದ ಮೇಲೆ ಮನೆಗೆ ಬಂದು ಅತ್ತೆಯ ಹತ್ತಿರ, ಹಸಿವಾಗ್ತಿದೆ ಎಂದೆ. ಅವರು ಮುದ್ದೆ ಬಡಿಸುತ್ತಾ ಬಡಿಸುತ್ತಾ ಕಣ್ಣೊರೆಸಿಕೊಂಡರು.

ಆಮೇಲೆ ದಿನಾ ಹೋದೆ. ಗುಳಿಗೆ ಮುಗಿದರೂ ಹೋದೆ. ನಾನು ಬದುಕಿದ್ದು ಹೀಗೆ. ಕೆಲವು ವರ್ಷದಲ್ಲಿ ಮಗ ಹುಟ್ಟಿದ. ಬಾಣಂತನ, ಕೂಸಿನ ಕೆಲಸ ಎಂದು ಹನೂರು ರಸ್ತೆಯ ನಡಿಗೆ ನಿಂತಿತು. ಮಗುವಿಗೆ ಆಡಿನ ಹಾಲನ್ನು ಆಳಿನ ಕೈಲಿ ತರಿಸುತ್ತಿದ್ದೆವು.

ಮಗ ಅಂಬೆಗಾಲಿಡುವ ಹೊತ್ತಿಗೆ ಪಂಡಿತರು ಹಾಸಿಗೆ ಹಿಡಿದರು. ನೋಡಲು ಹೋದಾಗ ನಾನೇ ಎಡಗೈ ಮುಂದೆ ಮಾಡಿದೆ, ಅವರಿಗೆ ಖುಷಿಯಾಗಲಿ ಎಂದು. ಅವರು ಬೆರಳು ಅದ್ದಿಕೊಳ್ಳುವ ತ್ರಾಣವೂ ಇಲ್ಲದೆ ಹಾಗೇ ಹಿಡಿದರು.

"ಮದ್ದು ನಿಲ್ಲಿಸಿಬಿಟ್ಟಿದ್ದೀಯಂತೆ?"

"ನನಗೇನಾಗಿದೆ ಪಂಡಿತ್ರೇ? ಗುಂಡುಕಲ್ಲಿನ ಹಾಗಿದೀನಿ."

"ನಿಂದಲ್ಲ ಕಣಮ್ಮ. ಆ ಅಜ್ಜಿ ಮದ್ದು."

ನನಗೆ ತಿಳಿಯಲಿಲ್ಲ. ಅವರು ಉಸಿರು ಸುಧಾರಿಸಿಕೊಂಡು ಬಿಡಿಸಿ ಹೇಳಿದರು. ನನ್ನ ನಾಡಿ ನೋಡುವುದಕ್ಕೆ ಸ್ವಲ್ಪ ಮೊದಲು ಅಜ್ಜಿಯ ನಾಡಿಯನ್ನೂ ನೋಡಿದ್ದರಂತೆ. ಮಗ ಬರುವುದಿಲ್ಲವೆಂದು ಗೊತ್ತಾದ ಮೇಲೆ ಅವಳು ಒಲೆ ಹಚ್ಚುವುದನ್ನೇ ಬಿಟ್ಟಿದ್ದಳಂತೆ. ಆಡುಗಳನ್ನು ಮಾರಿಬಿಡುತ್ತೇನೆ ಎನ್ನುತ್ತಿದ್ದಳಂತೆ.

"ಅವಳಿಗೆ ಯಾವ ಗುಳಿಗೆ ಕೊಡ್ಲಿ ಹೇಳು? ಬೆಳಗಾದ್ರೆ ಯಾರೋ ಬಂದು ಹಾಲು ಕೇಳ್ತಾರೆ ಅಂತಿದ್ರೆ ಎದ್ದಾಳು ಅನ್ನಿಸ್ತು. ನಿನಗೆ ಕೊಟ್ಟಿದ್ದು ಶುಂಠಿ ಬೆಲ್ಲದ ಗುಳಿಗೆ. ಅವಳಿಗೆ ಕೊಟ್ಟಿದ್ದು ನಿನ್ನನ್ನ."

ನಾನು ಅವರ ಕೈ ಹಿಡಿದುಕೊಂಡು ಕೂತೇ ಇದ್ದೆ. ಅವರ ಮೇಲೆ ಉಳಿದಿದ್ದ ಚೂರುಪಾರು ಕೋಪವೂ ಆ ಹೊತ್ತಿಗೆ ಕರಗಿತು. ಗೌರಿಯನ್ನು ಉಳಿಸಲಾರದೆ ಹೋದವರು ನಮ್ಮಿಬ್ಬರನ್ನು ಉಳಿಸಿದ್ದರು. ಅದರಲ್ಲಿ ಒಬ್ಬಳ ವಿಷಯ ನನಗೆ ಗೊತ್ತೇ ಇರಲಿಲ್ಲ.

ಮಾರನೆಯ ಬೆಳಗ್ಗೆಯಿಂದ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಮತ್ತೆ ನಡೆದೆ. ಅಜ್ಜಿ ಇಳಿದುಹೋಗಿದ್ದಳು. ಮಗನನ್ನು ಮಡಿಲಿಗೆ ಹಾಕಿಕೊಂಡು, ಇವನ ಕಿವಿ ನೋಡು ಆಡಿನ ಕಿವಿ ಇದ್ದಂಗದೆ ಎಂದು ಛೇಡಿಸಿದಳು. ಪಂಡಿತರು ಹೇಳಿದ್ದನ್ನು ನಾನು ಅವಳಿಗೆ ಹೇಳಲಿಲ್ಲ.

ಪಂಡಿತರು ತೀರಿಕೊಂಡ ಸುದ್ದಿ ಒಂದು ದಿನ ಕೋಳಿ ಕೂಗುವ ಹೊತ್ತಿಗೆ ಬಂತು. ಮಣ್ಣಿಗೆ ಹೋಗುವ ಮೊದಲು ನಾನು ಹನೂರು ರಸ್ತೆಗೆ ಹೋದೆ. ಸುದ್ದಿ ನನಗಿಂತ ಮೊದಲೇ ಅಲ್ಲಿ ಮುಟ್ಟಿತ್ತು. ಅಜ್ಜಿ ತಲೆಯ ಮೇಲೆ ಸೆರಗು ಹಾಕಿಕೊಂಡು ಹಾಲು ಕರೆಯುತ್ತಿದ್ದಳು. ಒಲೆ ಹಚ್ಚಿರಲಿಲ್ಲ. ನೊರೆ ಹಾಲನ್ನು ನನ್ನ ಲೋಟಕ್ಕೆ ಬಗ್ಗಿಸಿ ಕೊಟ್ಟಳು. ನಾನು ಅದನ್ನು ಅವಳ ಕೈಗೇ ಇಟ್ಟೆ.

"ಇವತ್ತು ನೀನು ಕುಡಿ ಅಜ್ಜಿ."

"ನಂಗ್ಯಾಕವ್ವ? ನಂಗೇನಾಗದ?"

"ಪಂಡಿತರು ಹೇಳಿದ್ದಾರೆ," ಎಂದೆ.

ಅಜ್ಜಿ ಸೆರಗು ಸರಿಸಿ ಲೋಟ ಎತ್ತಿ ಕುಡಿದಳು.